ಡಬ್ಬಿಯ ತಳದ ಚೀಟಿ: ನನ್ನ ಏರ್ ರೈಫಲ್‌ಗೆ ಪೆಲೆಟ್ ಹುಡುಕಿದ್ದು

ಕೊಲ್ಲಾಪುರದ ಶೂಟಿಂಗ್ ರೇಂಜಿನಲ್ಲಿ ಒಂದು ಭಾನುವಾರ 60 ಶಾಟ್ ಮುಗಿಸಿ ಬಂದು ಕುಳಿತಿದ್ದೆ. ಸ್ಕೋರ್ 605.8. ಎಂಟು ತಿಂಗಳಿಂದ ಅಲ್ಲೇ ಸುತ್ತುತ್ತಿದ್ದೆ. ಒಮ್ಮೆ 604, ಒಮ್ಮೆ 607. ಉಸಿರು, ನಿಲುವು, ಟ್ರಿಗರ್ ಎಲ್ಲವನ್ನೂ ಒಂದೊಂದಾಗಿ ತಿದ್ದಿಕೊಂಡಿದ್ದೆ. ಕೋಚ್ ಸರ್ ನನ್ನ ಪೆಲೆಟ್, ಅಂದರೆ ಏರ್ ರೈಫಲ್‌ನ ಸಣ್ಣ ಸೀಸದ ಗುಂಡುಗಳ ಡಬ್ಬಿ ಎತ್ತಿಕೊಂಡು ತಿರುಗಿಸಿ ನೋಡಿದರು. ತಳದಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು, ಇದೇ ಬ್ಯಾಚ್ ಯಾಕೆ ತಗೊಂಡಿರಿ ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯಲ್ಲಿ ಅದಿತ್ತು, ತಂದಿದ್ದೆ.

ಆಮೇಲೆ ಒಂದು ಮಳೆಗಾಲ ಪೂರ್ತಿ ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 10 ಮೀಟರ್ ಏರ್ ರೈಫಲ್ ಹೊಡೆಯುವ, ನನ್ನ ಹಾಗೆ ದೊಡ್ಡ ರೇಂಜಿನಿಂದ ದೂರ ಇರುವ ಮಕ್ಕಳಿಗೆ ಉಪಯೋಗವಾದೀತು.

ನಮ್ಮೂರು ಗಡಹಿಂಗ್ಲಜ ತಾಲೂಕಿನಲ್ಲಿ, ಹಿರಣ್ಯಕೇಶಿ ದಂಡೆಗಿದೆ. ಜಿಲ್ಲೆ ಕೊಲ್ಲಾಪುರ, ರಾಜ್ಯ ಮಹಾರಾಷ್ಟ್ರ, ಮನೆಮಾತು ಕನ್ನಡ. ನಾನು ಕನ್ನಡ ಶಾಲೆಯ ಮಾಸ್ತರ. ಗಡಹಿಂಗ್ಲಜದ ಹುಡುಗರಿಗೆ ಫುಟ್‌ಬಾಲ್ ಅಂದರೆ ಪ್ರಾಣ. ಆದರೆ ನಮ್ಮ ಜಿಲ್ಲೆಗೆ ರೈಫಲ್‌ನಲ್ಲೂ ದೊಡ್ಡ ಹೆಸರಿದೆ. ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ) ವಿಶ್ವ ಚಾಂಪಿಯನ್ ಆದರು. ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮಂಡಿಯೂರಿ, ಮಲಗಿ, ನಿಂತು ಹೊಡೆಯುವುದು) ಕಂಚು ತಂದರು. ಅವರು ಕಂಚು ಗೆದ್ದ ದಿನ ನಮ್ಮ ಶಾಲೆಯಲ್ಲಿ ನಾನು ಪೇಡೆ ಹಂಚಿದ್ದೆ.

ಪೆಲೆಟ್‌ಗೆ ನಮ್ಮ ಕಡೆ ಛರ್ರಾ ಅಂತಾರೆ. ಒಂದನ್ನು ಅಂಗೈಯಲ್ಲಿಟ್ಟು ನೋಡಿ. ಥೇಟ್ ಡಮರು. ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಟೊಳ್ಳಾದ ಲಂಗ. ಮ್ಯಾಚ್ ಪೆಲೆಟ್‌ನ ತಲೆ ಚಪ್ಪಟೆ, ಹಾಗಾಗಿ ಕಾಗದದಲ್ಲಿ ಪಂಚಿಂಗ್ ಮಷೀನ್ ಒತ್ತಿದಂತೆ ದುಂಡನೆ ತೂತು ಬೀಳುತ್ತದೆ. ಗಾಳಿಯ ಒತ್ತಡಕ್ಕೆ ಲಂಗ ಅಗಲವಾಗಿ ಬ್ಯಾರಲ್ ಗೋಡೆಗೆ ಕೂರುತ್ತದೆ, ಗಾಳಿ ಸೋರುವುದಿಲ್ಲ. ತಲೆ ಮಾತ್ರ ಹಾಗೆ ಹಿಗ್ಗುವುದಿಲ್ಲ. ಅದು ಬ್ಯಾರಲ್ ಒಳಗಿನ ಸುರುಳಿ ಗೀರುಗಳ ಏಣುಗಳ ಮೇಲೆ ಜಾರಿಕೊಂಡು ಹೋಗಬೇಕು. ಸಡಿಲಾದರೆ ಓಲಾಡುತ್ತದೆ, ಬಿಗಿಯಾದರೆ ಸೀಸ ಕೆರೆದುಹೋಗುತ್ತದೆ. ಅದಕ್ಕೇ 4.49, 4.50, 4.51 ಎಂದು ತಲೆಯ ಅಳತೆ ಹಾಕಿದ ಡಬ್ಬಿಗಳು ಬರುತ್ತವೆ. ನೂರರಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣದ್ದು ಬ್ಯಾರಲ್‌ಗೆ ಗೊತ್ತಾಗುತ್ತದೆ. ಒಂದೇ ಕಂಪನಿಯ, ಒಂದೇ ದಿನ ಮಾಡಿದ ಎರಡು ರೈಫಲ್‌ಗಳಿಗೂ ಬೇರೆ ಬೇರೆ ಪೆಲೆಟ್ ಹಿಡಿಸಬಹುದು.

ಅಂದರೆ ಗೆಳೆಯನ ರೈಫಲ್‌ಗೆ ಯಾವುದು ಚೆನ್ನಾಗಿದೆ ಎಂದು ಕೇಳಿ ಉಪಯೋಗವಿಲ್ಲ. ನಮ್ಮ ಬ್ಯಾರಲ್‌ನ್ನೇ ಕೇಳಬೇಕು. ಕೇಳುವಾಗ ನಮ್ಮ ಕೈ ನಡುವೆ ಬರಬಾರದು.

ಕೈ ದೂರ ಇಡಲು, ರೈಫಲ್ ಅಲ್ಲಾಡದಂತೆ ಕಚ್ಚಿ ಹಿಡಿಯುವ ವೈಸ್ ಬೇಕಾಯಿತು. ಕೊಲ್ಲಾಪುರದ ಉದ್ಯಮನಗರದಲ್ಲಿ ಒಂದು ಹಳೆಯ ಬೀಡುಕಬ್ಬಿಣದ ವೈಸ್ ತೂಕದ ಲೆಕ್ಕದಲ್ಲಿ ಸಿಕ್ಕಿತು. ಅದರ ಎರಡು ದವಡೆಗೂ ಮರದ ತುಂಡು ಕೊರೆಸಿ, ಮೇಲೆ ಚರ್ಮ ಅಂಟಿಸಿದೆ. ರೇಂಜಿನ ಮೆಕ್ಯಾನಿಕ್ ರೈಫಲ್‌ನ ಹಿಡಿ ಬಿಚ್ಚಿಕೊಟ್ಟರು. ವೈಸ್ ಹಿಡಿಯಬೇಕಾದದ್ದು ಬ್ಯಾರಲ್ ಕೂತಿರುವ ದಪ್ಪ ಭಾಗವನ್ನು. ಬ್ಯಾರಲ್‌ನ್ನೇ ಹಿಡಿದು ಬಿಗಿದರೆ ಅದು ಬಾಗುತ್ತದೆ, ಟೆಸ್ಟ್ ಕೆಟ್ಟಿತು ಅಂತಲೇ ಲೆಕ್ಕ.

ಜಾಗ ನಮ್ಮ ಕಾಕಾನ ಗಾಣದ ಮನೆ. ಕಬ್ಬು ಅರೆಯುವುದು ದೀಪಾವಳಿ ಆಸುಪಾಸಿಗೆ ಶುರು, ಮಳೆಗಾಲದಲ್ಲಿ ಶೆಡ್ ಖಾಲಿ. ಉದ್ದ ಸರಿಯಾಗಿ ಸಾಲುತ್ತದೆ, ಗಾಳಿ ಹೊಕ್ಕುವುದಿಲ್ಲ. ಬೆಲ್ಲದ ಕೊಪ್ಪರಿಗೆ ಕೂರಿಸುವ ಒಲೆಕಟ್ಟೆಯ ಮೇಲೆ ನಾಲ್ಕು ಬೋಲ್ಟ್ ಹಾಕಿ ವೈಸ್ ಕೂರಿಸಿದೆ. ಎದುರಿನ ಗೋಡೆಗೆ ದಪ್ಪ ತಗಡಿನ ಪೆಟ್ಟಿಗೆ, ಒಳಗೆ ಹಳೆ ಕೌದಿ ತುಂಡು. ಬಾಗಿಲಿಗೆ ಒಳಗಿನಿಂದ ಚಿಲಕ. ಮಕ್ಕಳು, ನಾಯಿ, ಯಾರೂ ಒಳಗೆ ಬರಬಾರದು. ಮೇಲೆ ತಗಡಿನ ಮೇಲೆ ಮಳೆ ಧೋ ಅಂತ ಬೀಳುತ್ತಿತ್ತು, ಒಳಗೆ ಹೋದ ವರ್ಷದ ಬೆಲ್ಲದ ವಾಸನೆ ಇನ್ನೂ ಇತ್ತು.

ಐದು ಥರ ತಂದಿದ್ದೆ. ಎಲ್ಲವೂ ಮ್ಯಾಚ್ ಪೆಲೆಟ್. ನಾಲ್ಕು 0.53 ಗ್ರಾಂ ತೂಕದವು, ಒಂದು 0.51 ಗ್ರಾಂನ ಹಗುರದ್ದು. ಒಂದು ಥರ ಬದಲಿಸಿದಾಗ ಮೊದಲ ಹದಿನೈದು ಪೆಲೆಟ್ ಲೆಕ್ಕಕ್ಕಿಲ್ಲ. ಬ್ಯಾರಲ್‌ನಲ್ಲಿ ಹಿಂದಿನದರ ಸೀಸ, ಎಣ್ಣೆಯ ಪಸೆ ಇರುತ್ತದೆ, ಅದು ಹೋಗಲಿ ಎಂದು ಬಿಟ್ಟೆ. ಆಮೇಲೆ ಹತ್ತು ಹತ್ತರ ಮೂರು ಗುಂಪು. ಪ್ರತಿ ಗುಂಪಿಗೂ ಹೊಸ ಕಾರ್ಡ್. ಕಾರ್ಡಿನ ಮೂಲೆಯಲ್ಲಿ ಬ್ಯಾಚ್ ನಂಬರ್, ತಾರೀಖು ಬರೆದೆ.

ಅಳೆಯುವುದು ಸುಲಭ. ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿಯಬೇಕು. ಪೆಲೆಟ್ 4.5 ಮಿ.ಮೀ., ಅದನ್ನು ಕಳೆದರೆ ಗುಂಡುಗಳು ಎಷ್ಟು ಚದುರಿವೆ ಎಂದು ಸಿಗುತ್ತದೆ. ನಾನು ಎಂಟು ತಿಂಗಳಿಂದ ಹೊಡೆಯುತ್ತಿದ್ದ ಪೆಲೆಟ್‌ನ ಗುಂಪು 7.9 ಮಿ.ಮೀ. ಬಂತು. ಅಂದರೆ 3.4 ಮಿ.ಮೀ. ಚದುರು. ಆ ಕಾರ್ಡನ್ನು ಬಾಗಿಲ ಸಂದಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದೆ. ತೂತು ದುಂಡಗಿರಲಿಲ್ಲ, ಗೋಡಂಬಿ ಆಕಾರ ಇತ್ತು.

ಇದರ ಲೆಕ್ಕ ಹೀಗೆ. ನಮ್ಮ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ದಶಮಾಂಶ ಸ್ಕೋರಿನಲ್ಲಿ ಗುಂಡು ನಡುವಿನಿಂದ ಪ್ರತಿ 0.25 ಮಿ.ಮೀ. ಆಚೆ ಹೋದಂತೆ 0.1 ಪಾಯಿಂಟ್ ಹೋಗುತ್ತದೆ. ಚದುರು 3.4 ಅಂದರೆ ನಡುವಿನಿಂದ 1.7 ಆಚೆ. ನನ್ನ ಕೈ ಕಲ್ಲಿನಂತೆ ನಿಂತಿದ್ದರೂ, ಗುರಿ ನಟ್ಟನಡುವೆ ಇದ್ದರೂ, ಕೆಲವು ಗುಂಡು 10.9 (ಒಂದು ಶಾಟ್‌ಗೆ ಸಿಗುವ ಪೂರ್ತಿ ಅಂಕ) ಬದಲು 10.3ಕ್ಕೆ ಬೀಳುತ್ತಿದ್ದವು. ಅಷ್ಟು ದಿನ ಅದನ್ನೆಲ್ಲ ನನ್ನ ಟ್ರಿಗರ್ ಬೆರಳಿನ ತಪ್ಪು ಅಂತ ತಿದ್ದುತ್ತಾ ಕೂತಿದ್ದೆ. ಆ ದಿನ ಬಹಳ ಸಂಕಟ ಆಯಿತು.

ಉಳಿದವುಗಳಲ್ಲಿ 4.49 ತಲೆಯದು 6.6 ಬಂತು. 4.51ರದು 6.9. ಹಗುರದ್ದು 6.8. 4.50 ತಲೆಯ ಒಂದು ಬ್ಯಾಚ್ ಮಾತ್ರ ಮೂರೂ ಗುಂಪಿನಲ್ಲಿ 5.6, 5.7, 5.6. ಹತ್ತು ಗುಂಡು ಹೋದ ಮೇಲೂ ಒಂದೇ ತೂತು ಅನ್ನಿಸುವಂತಿತ್ತು. ನಾನು ಒಬ್ಬನೇ ಶೆಡ್‌ನಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದೆ.

ಇನ್ನು ವೇಗದ ವಿಷಯ. ಹೊರದೇಶದಲ್ಲಿ .222 ರೆಮಿಂಗ್ಟನ್‌ನಂಥ ಸಣ್ಣ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಶೂಟರ್‌ಗಳಿದ್ದಾರೆ. ಅವರು ಮೊದಲು ಬ್ಯಾರಲ್‌ನ ಸುರುಳಿಗೆ ಹೊಂದುವ ಗುಂಡು ಆರಿಸಿ, ಆಮೇಲೆ ಅದಕ್ಕೆ ತಕ್ಕ ಮದ್ದು ನೋಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. 50 ಮೀಟರಿನ .22 ತೋಟಾದಲ್ಲಿ ಆ ಅವಕಾಶವೇ ಇಲ್ಲ, ಕಿಡಿ ಹತ್ತುವ ಮದ್ದು ತೋಟಾದ ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದದ್ದನ್ನು ಮತ್ತೆ ತುಂಬಲಾಗದು. ಆ ಶೂಟರ್‌ಗಳೂ ನಮ್ಮ ಹಾಗೆ ಬ್ಯಾಚ್ ಟೆಸ್ಟ್ ಮಾಡಿಯೇ ಕೊಳ್ಳುತ್ತಾರೆ. ನಮ್ಮಲ್ಲಿ ಮದ್ದಿನ ಕೆಲಸ ಮಾಡುವುದು ಸಿಲಿಂಡರಿನ ಗಾಳಿ. ತುಂಬಿದಾಗ 200 ಬಾರ್ ಒತ್ತಡ. ರೆಗ್ಯುಲೇಟರ್ ಅದನ್ನು ಇಳಿಸಿ ಪ್ರತಿ ಶಾಟ್‌ಗೂ ಅಷ್ಟಷ್ಟೇ ಅಳೆದು ಕೊಡುತ್ತದೆ.

ರೇಂಜಿನಲ್ಲಿ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನೋಡಿದರೆ ನನ್ನ ರೈಫಲ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊಡೆಯುತ್ತಿತ್ತು. ಮೆಕ್ಯಾನಿಕ್ ಸ್ಕ್ರೂ ಸ್ವಲ್ಪ ಸ್ವಲ್ಪ ತಿರುಗಿಸಿ 170ಕ್ಕೆ, ಆಮೇಲೆ 165ಕ್ಕೆ ಇಳಿಸಿದರು. ಪ್ರತಿ ಸಲ ಅದೇ ಬ್ಯಾಚ್, ಅದೇ ವೈಸ್. 170ರಲ್ಲಿ ಗುಂಪು 5.4 ಆಯಿತು, ಅಲ್ಲೇ ನಿಲ್ಲಿಸಿದೆವು. ಜಾಸ್ತಿ ವೇಗ ಅಂದರೆ ಜಾಸ್ತಿ ಗುರಿ ಅಂತ ಬಹಳ ಜನ ತಿಳಿದಿದ್ದಾರೆ. 10 ಮೀಟರಿಗೆ ಬೇಕಾದದ್ದು ಪ್ರತಿ ಸಲವೂ ಅದೇ ವೇಗ. 170ರ ವೇಗದಲ್ಲಿ ಪೆಲೆಟ್ ಟಾರ್ಗೆಟ್ ಮುಟ್ಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗೆ ಇಳಿದಿರುತ್ತದೆ. ಒಂದು ಶಾಟ್ 165ಕ್ಕೆ ಹೋದರೆ ಇನ್ನೊಂದು ಮಿಲಿಮೀಟರ್ ಕೆಳಗೆ. ಅಂದರೆ 0.4 ಪಾಯಿಂಟ್ ಹೋಯಿತು ಅಲ್ವಾ? ಸಿಲಿಂಡರ್ ಖಾಲಿಯಾಗುತ್ತಾ ಒತ್ತಡ ತೀರಾ ಇಳಿದರೆ ಹೀಗೇ ಆಗುತ್ತದೆ. ಅದಕ್ಕೆ ಮ್ಯಾಚ್‌ಗೆ ಮೊದಲು ಗಾಳಿ ತುಂಬಿಸಿಕೊಳ್ಳಲೇಬೇಕು.

ರೆಗ್ಯುಲೇಟರ್ ಅನ್ನು ಮನೆಯಲ್ಲಿ ಬಿಚ್ಚಬೇಡಿ. 200 ಬಾರ್ ಅಂದರೆ ಸೈಕಲ್ ಟ್ಯೂಬ್ ಅಲ್ಲ. ಸಿಲಿಂಡರಿನ ಮೇಲೆ ಕೊರೆದಿರುವ ತಾರೀಖನ್ನೂ ನೋಡಿ. ಅವಧಿ ಮುಗಿದದ್ದನ್ನು ಎಷ್ಟೇ ಚೆನ್ನಾಗಿ ಕಂಡರೂ ತುಂಬಿಸಬಾರದು. ನನ್ನದು ಸೆಕೆಂಡ್‌ಹ್ಯಾಂಡ್ ರೈಫಲ್, ಮೊದಲು ಮಾಡಿದ ಖರ್ಚೇ ಹೊಸ ಸಿಲಿಂಡರ್.

ತೂಕ ನೋಡುವ ಹುಚ್ಚೂ ಒಂದಿಷ್ಟು ದಿನ ಹಿಡಿದಿತ್ತು. ನನ್ನ ಮಾಮಾ ಹುಪರಿಯಲ್ಲಿ ಬೆಳ್ಳಿ ಕೆಲಸ ಮಾಡುತ್ತಾರೆ. ಕಾಲುಂಗುರ, ಗೆಜ್ಜೆ. ಅವರ ಹತ್ತಿರ ಮಿಲಿಗ್ರಾಂ ತೋರಿಸುವ ತಕ್ಕಡಿ ಇದೆ. ಎರಡು ಸಂಜೆ ಅವರ ಅಂಗಡಿಯ ಹಿಂದಿನ ಖೋಲಿಯಲ್ಲಿ ಕುಳಿತು, ಚಿಮಟದಿಂದ ಒಂದೊಂದೇ ಪೆಲೆಟ್ ಎತ್ತಿ ಇನ್ನೂರು ತೂಗಿದೆ. 528, 530, 531, 529, ಒಮ್ಮೊಮ್ಮೆ 533. ಮಾಮಾ ನೋಡಿ, "ಸೀಸ ಇಷ್ಟ ಜೋಪಾನ ತೂಗತಿಯಲ್ಲೋ ತಮ್ಮಾ, ನಾವು ಬೆಳ್ಳಿ ಹಿಂಗ ತೂಗೂದಿಲ್ಲ" ಅಂದರು. ತೂಕದ ಪ್ರಕಾರ ಬೇರೆ ಮಾಡಿ ವೈಸ್‌ನಲ್ಲಿ ಹೊಡೆದು ನೋಡಿದೆ. ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಹಾಕಿದರೂ ಅಷ್ಟೇ, ನಾಲ್ಕು ಮಿಲಿಗ್ರಾಂಗೆ ವೇಗ ಅರ್ಧ ಮೀಟರಿನಷ್ಟು ಬದಲಾದೀತು, 10 ಮೀಟರಿನಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಮಾತು. ಒಳ್ಳೆಯ ಬ್ಯಾಚ್ ಸಿಕ್ಕಿದ್ದರೆ ತೂಗುವುದು ಬೇಡ. ಕಣ್ಣಿಂದ ನೋಡಿ, ಲಂಗ ನೆಗ್ಗಿದವನ್ನು ಪಕ್ಕಕ್ಕಿಡಿ, ಸಾಕು. ನನ್ನ ಡಬ್ಬಿಯಲ್ಲಿ 500ಕ್ಕೆ ನಾಲ್ಕೈದು ಹಾಗೆ ಸಿಗುತ್ತವೆ.

ಬ್ಯಾಚ್ ಸಿಕ್ಕ ಮೇಲೆ ನಾನು ಒಂದು ತಪ್ಪು ಮಾಡಿದೆ. ದುಡ್ಡು ಹೊಂದಿಸಲು ಎರಡು ತಿಂಗಳು ತಡ ಮಾಡಿದೆ. ಆಮೇಲೆ ಫೋನ್‌ನಲ್ಲಿ ಹತ್ತು ಡಬ್ಬಿ ಹೇಳಿದೆ. ಅದೇ ಕಂಪನಿ, ಅದೇ ಹೆಸರು, ಅದೇ 4.50 ಎಂದು ಅಂಗಡಿಯವರು ಭರವಸೆ ಕೊಟ್ಟರು. ಬಂದ ಡಬ್ಬಿಗಳ ತಳ ತಿರುಗಿಸಿ ನೋಡಿದರೆ ನಂಬರ್ ಬೇರೆ. ವೈಸ್‌ಗೆ ಹಾಕಿದರೆ 6.7. ಅಚ್ಚು ಸವೆದಂತೆ, ಬದಲಾದಂತೆ ಪೆಲೆಟ್ ಕೂಡ ಬದಲಾಗುತ್ತದೆ, ಡಬ್ಬಿಯ ಮೇಲಿನ ಹೆಸರು ಮಾತ್ರ ಅದೇ ಇರುತ್ತದೆ. ತೆರೆದ ಡಬ್ಬಿ ವಾಪಸ್ ಇಲ್ಲ ಅಂದರು. ಆ ಹತ್ತು ಡಬ್ಬಿಯನ್ನು ಮಕ್ಕಳ ಅಭ್ಯಾಸಕ್ಕೆ ಕೊಟ್ಟೆ. ಈಗ ಟೆಸ್ಟ್‌ಗೆ ಒಂದು ಡಬ್ಬಿ ತರುವಾಗಲೇ ಆ ಬ್ಯಾಚ್‌ನ ಉಳಿದ ಡಬ್ಬಿಗಳನ್ನು ಒಂದು ವಾರ ಕಾದಿರಿಸಿ ಎಂದು ಕೇಳುತ್ತೇನೆ. ತಳದ ಚೀಟಿಯ ಫೋಟೋ ಕೂಡ ತರಿಸಿಕೊಳ್ಳುತ್ತೇನೆ.

ಗಾಣದ ಮನೆಯ ಕಾಕಾ ಒಂದು ದಿನ ಬಂದು, "ಇಷ್ಟ ಪಕ್ಕಾ ಗುರಿ ಐತಿ, ಗೋವಿನಜೋಳಕ್ಕ ಬರೂ ಗಿಳಿ ನಾಕ ಹೊಡದ ಕೊಡೋ" ಎಂದು ಕೇಳಿದರು. ಅವರ ಬೆಳೆಯ ನಷ್ಟ ಸುಳ್ಳಲ್ಲ. ಆದರೆ ಗಿಳಿ 1972ರ ವನ್ಯಜೀವಿ ಕಾಯಿದೆಯಡಿ ರಕ್ಷಣೆ ಇರುವ ಹಕ್ಕಿ. 4.5 ಮಿ.ಮೀ. ಬೋರ್, 20 ಜೂಲ್ ಒಳಗಿನ ಏರ್ ರೈಫಲ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ನನ್ನದು ಏಳೂವರೆ ಜೂಲ್ ಚಿಲ್ಲರೆ. ಲೈಸೆನ್ಸ್ ಬೇಡ ಅಂದರೆ ಹಕ್ಕಿ ಹೊಡೆಯಬಹುದು ಅಂತಲ್ಲ. ಇದನ್ನು ಕಾಕಾಗೆ ಕೂರಿಸಿ ಹೇಳಿದೆ. ಮರುದಿನ ಇಬ್ಬರೂ ಸೇರಿ ಹೊಲದ ಸುತ್ತ ಮಿಂಚುವ ರಿಬ್ಬನ್ ಕಟ್ಟಿದೆವು.

ಇನ್ನೊಂದು ಮಾತು ಸೀಸದ ಬಗ್ಗೆ. ಪೆಲೆಟ್ ಮುಟ್ಟಿದ ಕೈಯಲ್ಲಿ ಏನೂ ತಿನ್ನಬೇಡಿ, ಸಾಬೂನು ಹಾಕಿ ತೊಳೆಯಿರಿ. ಕೆಲವು ಹುಡುಗರು ನಾಲ್ಕು ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ಹೊಡೆಯುತ್ತಾರೆ, ಕಂಡರೆ ನಾನು ಅಲ್ಲೇ ಶಾಟ್ ನಿಲ್ಲಿಸುತ್ತೇನೆ. ನಮ್ಮ ಕಡೆ ಮಳೆ ಜಾಸ್ತಿ, ತೇವಕ್ಕೆ ಸೀಸದ ಮೇಲೆ ಬೂದಿಯಂಥ ಬಿಳಿ ಪುಡಿ ಕಟ್ಟುತ್ತದೆ. ಅಂಥ ಪೆಲೆಟ್ ಹೊಡೆಯಬಾರದು. ನಾನು ಡಬ್ಬಿಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ತೇವ ಹೀರುವ ಪುಡಿಚೀಲ ಹಾಕಿ ಇಡುತ್ತೇನೆ. ಮೊದಮೊದಲು ಅವ್ವ ಅದನ್ನು ಚಕ್ಕುಲಿ ಡಬ್ಬ ಅಂದುಕೊಂಡಿದ್ದಳು. ಈಗ ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆದು, ಮಕ್ಕಳ ಕೈಗೆ ಎಟುಕದ ಅಟ್ಟದ ಮೇಲೆ ಇಟ್ಟಿದ್ದೇನೆ.

ಹೀಗೆ ಟೆಸ್ಟ್ ಮಾಡಿ, ಕಾದಿರಿಸಿ ತಂದ ಹೊಸ ಬ್ಯಾಚ್‌ನಲ್ಲಿ ಮೊದಲ ತಿಂಗಳು 609, ಆಮೇಲೆ 611.3 ಬಂತು. ಒಂದು ಶಾಟ್ ಹೊರಗೆ ಹೋದರೆ ಅದು ನನ್ನದೇ ಎಂದು ಈಗ ಗೊತ್ತಾಗುತ್ತದೆ, ಅಭ್ಯಾಸದಲ್ಲಿ ಯಾವುದನ್ನು ತಿದ್ದಬೇಕು ಅಂತಲೂ ಗೊತ್ತಾಗುತ್ತದೆ. ಆ ಬ್ಯಾಚ್‌ನ ಡಬ್ಬಿಗಳಲ್ಲಿ ಮೂರು ಉಳಿದಿವೆ, ಮ್ಯಾಚ್‌ಗೆ ಮಾತ್ರ ತೆಗೆಯುತ್ತೇನೆ. ಮುಂದಿನ ಟೆಸ್ಟ್‌ಗೆ ಆರು ಬ್ಯಾಚ್ ತರಿಸಿದ್ದೇನೆ. ಕಾಕಾ ಒಲೆಗೆ ಬೆಂಕಿ ಹಾಕುವುದರೊಳಗೆ ಮುಗಿಸಿ, ಕಟ್ಟೆಯ ಮೇಲಿನ ವೈಸ್ ಬಿಚ್ಚಿಕೊಡಬೇಕು.