ಮೆದ್‌ಫೂನಾ: ಒಳಗೆ ಹಸಿ ಖೀಮಾ, ಕೆಳಗೆ ಕಾದ ಕಲ್ಲು

ಮೊರಾಕ್ಕೊದ ಆಗ್ನೇಯದಲ್ಲಿ, ಸಹಾರಾದ ಅಂಚಿನ ತಾಫಿಲಾಲ್ತ್ ಓಯಸಿಸ್‌ನಲ್ಲಿ ರಿಸ್ಸಾನಿ ಅಂತ ಒಂದು ಊರು. ಮೆದ್‌ಫೂನಾ ಅಲ್ಲಿನ ಅಮಾಝಿಗ್ (ಬರ್ಬರ್) ಅಡುಗೆ. ಎರಡು ಪದರ ಹಿಟ್ಟಿನ ನಡುವೆ ಮಾಂಸ, ಕೊಬ್ಬು, ಈರುಳ್ಳಿ, ಮಸಾಲೆ ಇಟ್ಟು ಅಂಚು ಮುಚ್ಚಿ ಬೇಯಿಸಿದ ದೊಡ್ಡ ರೊಟ್ಟಿ. ಪ್ರವಾಸಿಗರಿಗೆ ಇದನ್ನು ‘ಬರ್ಬರ್ ಪಿಜ್ಜಾ’ ಎಂದು ಮಾರುತ್ತಾರೆ. ಆ ಹೆಸರು ನಂಬಿ ಚೀಸು, ಟೊಮೆಟೊ ಸಾಸು ತುಂಬಿದಿರೋ, ಕೆಲಸ ಕೆಟ್ಟಿತು. ನೀರು ಬಿಟ್ಟು ತಳ ಅಂಟಂಟಾಗುತ್ತದೆ. ಕಟ್ಟುವ ರೀತಿಯಲ್ಲಿ ಇದು ನಮ್ಮ ಹೋಳಿಗೆಗೇ ಹತ್ತಿರ, ಆದರೆ ಹೂರಣ ಹಸಿಯಾಗಿಯೇ ಒಳಗೆ ಹೋಗುತ್ತದೆ. ಮಾಂಸಕ್ಕೂ ಹಿಟ್ಟಿಗೂ ಒಂದೇ ಬೆಂಕಿ, ಒಂದೇ ಹೊತ್ತು. ಮನೆಯ ಓಟಿಜಿಯಲ್ಲಿ (ಸಣ್ಣ ವಿದ್ಯುತ್ ಓವನ್) ಮಾಡುವಾಗ ನನ್ನ ಗಮನವೆಲ್ಲ ಇವೆರಡನ್ನು ಹೊಂದಿಸುವುದರಲ್ಲೇ ಇರುತ್ತದೆ.

ರಿಸ್ಸಾನಿಯ ಸಂತೆ ಭಾನುವಾರ, ಮಂಗಳವಾರ, ಗುರುವಾರ. ಸುತ್ತಲ ಹಳ್ಳಿಯವರು ಬರುತ್ತಾರೆ. ಕತ್ತೆಗಳನ್ನು ನಿಲ್ಲಿಸುವುದಕ್ಕೇ ಬೇರೆ ಜಾಗವಿದೆ. ಕಟುಕರ ಅಂಗಡಿಯಲ್ಲಿ ಮಾಂಸ, ಕೊಬ್ಬು, ಸೊಪ್ಪು, ಮಸಾಲೆ ಒಟ್ಟಿಗೆ ಕೊಚ್ಚಿಸಿಕೊಂಡು, ಅದನ್ನು ಬೀದಿಯ ಸೌದೆ ಒಲೆಯ ಬೇಕರಿಗೆ, ಅಂದರೆ ‘ಫರಾನ್’ಗೆ ಕೊಟ್ಟರೆ ಬೇಯಿಸಿ ಕೊಡುತ್ತಾರೆ. ಮರಳುಗಾಡಿನ ಕಡೆ, ಮೆರ್ಝೂಗಾ ಸುತ್ತಮುತ್ತ, ಒಲೆಯೂ ಬೇಕಿಲ್ಲ. ಮರಳ ಮೇಲೆ ಬೆಂಕಿ ಹಾಕಿ, ಕೆಂಡ ಸರಿಸಿ, ಕಾದ ಮರಳಲ್ಲಿ ರೊಟ್ಟಿ ಹುದುಗಿಸಿ, ಮೇಲೆ ಮತ್ತೆ ಮರಳು, ಕೆಂಡ. ಪಾತ್ರೆ, ನೀರು, ಸೌದೆ ಮೂರಕ್ಕೂ ಬರವಿದ್ದ ಜನರ ಅಡುಗೆ ಇದು. ರೊಟ್ಟಿಯೇ ಪಾತ್ರೆ.

ಕೆಳಗಿನ ಅಳತೆ 28 ಸೆಂ.ಮೀ. ಅಗಲದ ಒಂದು ಮೆದ್‌ಫೂನಾಕ್ಕೆ. ನಾಲ್ವರಿಗೆ ಸಾಕು.

ಕಣಕಕ್ಕೆ 260 ಗ್ರಾಂ ಮೈದಾ, 140 ಗ್ರಾಂ ಚಿರೋಟಿ ರವೆ, 7 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, ಒಂದು ದೊಡ್ಡ ಚಮಚ ಆಲಿವ್ ಎಣ್ಣೆ, 250 ಮಿ.ಲೀ. ಉಗುರುಬೆಚ್ಚಗಿನ ನೀರು. ರವೆ ಬಿಟ್ಟು ಬರೀ ಮೈದಾದಲ್ಲಿ ಮಾಡಿದರೆ ತಳ ಬೇಗ ಮೆತ್ತಗಾಗುತ್ತದೆ. ಬರೀ ಗೋಧಿಹಿಟ್ಟಾದರೆ ಅಂಚು ಬಿರಿಯುತ್ತದೆ. ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ 45 ನಿಮಿಷ ಬಿಡಿ. ಬ್ರೆಡ್ಡಿನ ಹಾಗೆ ದುಪ್ಪಟ್ಟು ಉಬ್ಬುವವರೆಗೆ ಕಾಯಬಾರದು. ಹುದುಗು ಜಾಸ್ತಿಯಾದರೆ ಮೇಲಿನ ಪದರ ಒಲೆಯಲ್ಲಿ ಬಲೂನಿನಂತೆ ಎದ್ದು ಹೂರಣದಿಂದ ಬೇರೆಯಾಗುತ್ತದೆ. ಕತ್ತರಿಸಿದಾಗ ಒಳಗೆ ಬರೀ ಟೊಳ್ಳು. ಬೇಸಿಗೆಯಲ್ಲಿ ಅರ್ಧ ಗಂಟೆಯೇ ಸಾಕಾಗುತ್ತದೆ.

ಹೂರಣಕ್ಕೆ 350 ಗ್ರಾಂ ಮೂಳೆಯಿಲ್ಲದ ಮಟನ್, 50 ಗ್ರಾಂ ಕೊಬ್ಬು. ರಿಸ್ಸಾನಿಯಲ್ಲಿ ದನದ ಮಾಂಸ, ಕುರಿ ಎರಡೂ ನಡೆಯುತ್ತದೆ. ಕೊಬ್ಬು ಬೇಡ ಅಂತ ತೆಗೆದರೆ ಖೀಮಾ ಒಣಗಿ ಹರಳುಹರಳಾಗುತ್ತದೆ, ಅದನ್ನು ಬಿಡಬೇಡಿ. ಅಂಗಡಿಯವರು ಖೀಮಾ ಮಷಿನ್‌ಗೆ ಹಾಕಲು ಬಂದರೆ ಬೇಡವೆನ್ನಿ. ಮಷಿನ್ ಖೀಮಾ ಬೆಂದಾಗ ಮುದ್ದೆಗಟ್ಟಿ ಒಂದೇ ಬಿಲ್ಲೆಯಾಗುತ್ತದೆ, ಸಂದಿಲ್ಲದೆ ಹಬೆ ಓಡಾಡುವುದಿಲ್ಲ, ನಡುವಿನ ಮಾಂಸ ಹಸಿಯಾಗಿ ಉಳಿಯುತ್ತದೆ. ಕತ್ತಿಯಲ್ಲಿ ಕಡಲೆಬೇಳೆ ಗಾತ್ರಕ್ಕೆ ಕೊಚ್ಚಿಸಿ. ಅದಕ್ಕಿಂತ ದಪ್ಪವಾದರೆ ರೊಟ್ಟಿ ಬೇಯುವಷ್ಟರಲ್ಲಿ ಮಾಂಸ ಬೇಯದು.

ಈರುಳ್ಳಿ 250 ಗ್ರಾಂ. ನೂರಕ್ಕೆ ತೊಂಬತ್ತು ಸಲ ಕೆಡುವುದು ಇಲ್ಲೇ. ಸಣ್ಣಗೆ ಹೆಚ್ಚಿ, ಅರ್ಧ ಚಮಚ ಉಪ್ಪು ಸವರಿ ಕಾಲು ಗಂಟೆ ಇಟ್ಟು, ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಮೂರು ನಾಲ್ಕು ಚಮಚ ನೀರು ಇಳಿಯುತ್ತದೆ. ಹಿಂಡದೆ ಹಾಕಿದರೆ ಆ ನೀರೆಲ್ಲ ಕೆಳಗಿನ ಪದರಕ್ಕೆ ಇಳಿದು, ಮೇಲೆ ಕೆಂಪಗೆ ಬೆಂದಿದ್ದರೂ ತಳ ಹಸಿ ಹಿಟ್ಟಾಗೇ ಇರುತ್ತದೆ. ಫರಾನ್‌ನವರು ಹಿಂಡದಿದ್ದರೂ ನಡೆಯುತ್ತದೆ, ಅವರ ಒಲೆಯ ಕಾವೇ ಬೇರೆ; ಓಟಿಜಿಗೆ ಆ ಶಕ್ತಿ ಇಲ್ಲ.

ಮಸಾಲೆ: ಜೀರಿಗೆ ಪುಡಿ ಒಂದೂವರೆ ಚಮಚ, ಕೆಂಪು ಪಾಪ್ರಿಕಾ ಎರಡು ಚಮಚ, ಕಾಳುಮೆಣಸು, ಅರಿಶಿನ, ಒಣಶುಂಠಿ ತಲಾ ಅರ್ಧ ಚಮಚ, ಉಪ್ಪು ಮುಕ್ಕಾಲು ಚಮಚ, ಮೂರು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಪಾರ್ಸ್ಲಿ ಮತ್ತು ಕೊತ್ತಂಬರಿ. ಪಾಪ್ರಿಕಾ ಬದಲು ಬ್ಯಾಡಗಿ ಪುಡಿ ಧಾರಾಳವಾಗಿ ನಡೆಯುತ್ತದೆ: ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಬೇಡ. ಈ ಸೀಮೆಯಲ್ಲಿ ಜೀರಿಗೆಯ ಗತ್ತು ದೊಡ್ಡದು. ಪಶ್ಚಿಮಕ್ಕಿರುವ ಅಲ್ನಿಫ್ ಎಂಬ ಊರು ಜೀರಿಗೆಗೇ ಹೆಸರುವಾಸಿ. ಆಗಷ್ಟೇ ಹುರಿದು ಕುಟ್ಟಿದ ಜೀರಿಗೆಯನ್ನೇ ಹಾಕಿ. ಗರಂ ಮಸಾಲೆ ಹಾಕಿದರೆ ಪಲಾವಿನ ವಾಸನೆ ಬರುತ್ತದೆ, ನನಗಂತೂ ಒಗ್ಗುವುದಿಲ್ಲ. ಹುರಿದ ಬಾದಾಮಿ 40 ಗ್ರಾಂ ಜಜ್ಜಿ ಸೇರಿಸಿ, ಬೇಕಾದರೆ ಬೇಯಿಸಿದ ಎರಡು ಮೊಟ್ಟೆ. ಬಾದಾಮಿ ರುಚಿಗೆ ಮಾತ್ರವಲ್ಲ, ಮಿಕ್ಕ ತೇವವನ್ನೂ ಅದು ಸ್ವಲ್ಪ ಹೀರುತ್ತದೆ.

ಕಲ್ಲುಗಳದ್ದು ಸ್ವಲ್ಪ ವಿವರವಾಗಿಯೇ ಹೇಳಬೇಕು. ದಕ್ಷಿಣ ಮೊರಾಕ್ಕೊದಲ್ಲಿ ‘ತಫರ್ನೂತ್’ ರೊಟ್ಟಿಯನ್ನು ಮಣ್ಣಿನ ಒಲೆಯಲ್ಲಿ ಕಾದ ಬೆಣಚುಕಲ್ಲುಗಳ ಮೇಲೆ ಬೇಯಿಸುತ್ತಾರೆ, ತಳದ ತುಂಬ ಗುಳಿ ಬೀಳುತ್ತವೆ. ಆ ಉಪಾಯ ಮೆದ್‌ಫೂನಾಕ್ಕೂ ಒದಗುತ್ತದೆ, ಏಕೆಂದರೆ ಕಲ್ಲುಗಳ ಸಂದಿಯಿಂದ ತಳದ ಹಬೆ ಹೊರಬೀಳುತ್ತದೆ. ಎರಡು ಮೂರು ಸೆಂ.ಮೀ.ನ ನುಣುಪಾದ, ಗಟ್ಟಿ ಕಲ್ಲು ಆರಿಸಿ. ಪದರ ಪದರವಾಗಿ ಏಳುವಂಥದ್ದು, ತೂತಿರುವಂಥದ್ದು ಬೇಡ. ತೊಳೆದು ಕೆಲವು ದಿನ ಬಿಸಿಲಲ್ಲಿ ಒಣಗಿಸಿ, ಮೊದಲ ಸಲ 100 ಡಿಗ್ರಿಯಲ್ಲಿ ಒಂದು ಗಂಟೆ ನಿಧಾನಕ್ಕೆ ಕಾಯಿಸಿ. ಒಳಗೆ ಪಸೆ ಉಳಿದ ಕಲ್ಲು ಏಕಾಏಕಿ ಕಾದರೆ ಸಿಡಿಯುತ್ತದೆ. ಓಟಿಜಿ ಬಾಗಿಲು ಮುಚ್ಚಿಯೇ ಇರಲಿ. ಆಮೇಲೆ ತಟ್ಟೆ ತುಂಬ ಒಂದೇ ಪದರ ಹರಡಿ, 230 ಡಿಗ್ರಿಯಲ್ಲಿ 40 ನಿಮಿಷ ಕಾಯಬೇಕು. ಬೇಗ ಮುಗಿಸುವ ಆಸೆಗೆ ಇದನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಕಲ್ಲು ಇಟ್ಟದ್ದೇ ದಂಡ.

ಕಣಕವನ್ನು ಎರಡು ಪಾಲು ಮಾಡಿ, ಕೆಳಗಿನದು ಸ್ವಲ್ಪ ದೊಡ್ಡದಿರಲಿ. ಅರ್ಧ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ. ರವೆ ಉದುರಿಸಿದ ಹಲಗೆಯ ಮೇಲೆ ಕೆಳಗಿನದನ್ನಿಟ್ಟು, ಅಂಚಿನಲ್ಲಿ ಎರಡು ಬೆರಳಗಲ ಬಿಟ್ಟು ಹೂರಣವನ್ನು ಸಮವಾಗಿ ಹರಡಿ. ನಡುವೆ ಗುಡ್ಡೆ ಮಾಡಿದರೆ ಅಲ್ಲಿ ಬೇಯುವುದಿಲ್ಲ. ಅಂಚಿಗೆ ಎಣ್ಣೆ, ಕೊಬ್ಬು ತಾಗಿದರೆ ಹಿಟ್ಟು ಕೂಡುವುದಿಲ್ಲ, ಒರೆಸಿ ನೀರು ಸವರಿ. ಮೇಲಿನ ಪದರ ಮುಚ್ಚಿ, ಒಳಗಿನ ಗಾಳಿಯನ್ನು ಅಂಗೈಯಿಂದ ಹೊರಗೆ ದೂಡುತ್ತಾ, ಅಂಚನ್ನು ಮಡಚಿ ಮಡಚಿ ಒತ್ತಿ. ನಡುವೆ ಬೆರಳು ತೂರುವಷ್ಟು ಒಂದು ತೂತು, ಸುತ್ತ ಫೋರ್ಕಿನ ನಾಲ್ಕೈದು ಚುಚ್ಚು. ತೂತು ಮರೆತರೆ ಅಂಚು ಒಡೆದು ರಸವೆಲ್ಲ ಕಲ್ಲಿಗೆ ಸುರಿಯುತ್ತದೆ, ಮನೆತುಂಬ ಹೊಗೆ. ಕಟ್ಟಿದ ಮೇಲೆ ಐದು ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಉಪ್ಪು ಬಿದ್ದ ಮಾಂಸ ನೀರು ಬಿಡುತ್ತಲೇ ಇರುತ್ತದೆ.

ಕಲ್ಲಿನ ಮೇಲೆ ಜಾರಿಸಿ, ಮೊದಲ 20 ನಿಮಿಷ ಕೆಳಗಿನ ಕಾಯಿಲ್ ಮಾತ್ರ, ನಂತರ 10-12 ನಿಮಿಷ ಎರಡೂ. ನಡುವಿನ ತೂತಿನಲ್ಲಿ ಮೊದಲು ಮಸುಕು ರಸ ಕುದಿಯುತ್ತದೆ. ಅದು ತಿಳಿಯಾಗಿ, ಮೇಲೆ ಬರೀ ಕೊಬ್ಬು ಮಿನುಗಿದರೆ ಹೆಚ್ಚುಕಮ್ಮಿ ಆಯಿತು. ಥರ್ಮಾಮೀಟರ್ ಇದ್ದರೆ ತೂತಿನಿಂದ ಓರೆಯಾಗಿ ಹೂರಣಕ್ಕೆ ಚುಚ್ಚಿ ನೋಡಿ, 75 ಡಿಗ್ರಿ ಇರಲೇಬೇಕು. ತೆಗೆದ ಕೂಡಲೇ ಜಾಲರಿಯ ಮೇಲೆ ಹತ್ತು ನಿಮಿಷ. ತಟ್ಟೆಯಲ್ಲಿಟ್ಟರೆ ಇಷ್ಟೆಲ್ಲ ಮಾಡಿ ಗರಿಗರಿಯಾದ ತಳ ಬೆವರಿ ಮೆತ್ತಗಾಗುತ್ತದೆ.

ಓವನ್ ಇಲ್ಲದಿದ್ದರೆ ಅರ್ಧ ಅಳತೆಯಲ್ಲಿ 20 ಸೆಂ.ಮೀ.ನದು ಮಾಡಿ, ದಪ್ಪ ಕಬ್ಬಿಣದ ಕಾವಲಿಯ ಮೇಲೆ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಒಂದೊಂದು ಬದಿ 12-14 ನಿಮಿಷ. ಇದಕ್ಕೆ ನಡುವಿನ ತೂತು ಬೇಡ, ಚುಚ್ಚು ಸಾಕು. ಇಲ್ಲವಾದರೆ ಮಗುಚುವಾಗ ರಸ ಸೋರುತ್ತದೆ.

ಅಲ್ಲಿ ಇದನ್ನು ತ್ರಿಕೋನ ತುಂಡು ಮಾಡಿ ನಡುವೆ ಇಟ್ಟು ಎಲ್ಲರೂ ಕೈಯಲ್ಲೇ ತಿನ್ನುತ್ತಾರೆ. ಜೊತೆಗೆ ಪುದೀನ ಹಾಕಿದ ಸಿಹಿ ಹಸಿರು ಚಹಾ, ತಾಫಿಲಾಲ್ತ್‌ನದೇ ಮಜ್‌ಹೂಲ್ ಖರ್ಜೂರ. ಚಟ್ನಿ, ಸಾಸು ಯಾವುದೂ ಬೇಕಾಗುವುದಿಲ್ಲ. ಉಳಿದ ತುಂಡುಗಳನ್ನು ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ. ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿದರೆ ಹಿಟ್ಟು ಚರ್ಮದಂತೆ ಎಳೆಯುತ್ತದೆ. ಒಣ ಕಾವಲಿಯ ಮೇಲೆ, ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ ಎರಡೂ ಬದಿ ಒಳಗಿನ ಹೂರಣ ಹಬೆಯಾಡುವವರೆಗೆ ಕಾಯಿಸಿ.