ಬಿಳಿ ಅಂಬಾಸಿಡರ್, ಅಗಲ ಕುಂಚ

ಎಣ್ಣೆಬಣ್ಣದಲ್ಲಿ, ಕುಂಚವನ್ನು ಧಾರಾಳವಾಗಿ ಬೀಸಿ ಕಾರಿನ ಚಿತ್ರ ಬರೆಯುವುದಾದರೆ ನನ್ನ ಆಯ್ಕೆ ಅಂಬಾಸಿಡರ್. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲೇ ನಿಂತಿತು. ಆದರೆ ಆ ಉಬ್ಬಿದ ಮಡ್‌ಗಾರ್ಡು, ಗುಂಡು ದೀಪ, ಬಾಗಿದ ಚಾವಣಿ ಕುಂಚಕ್ಕೆಂದೇ ಹೇಳಿ ಮಾಡಿಸಿದಂತಿವೆ. ಈಗಿನ ಕಾರುಗಳ ಚೂಪು ಗೆರೆಗಳು ಸ್ಕೇಲು ಬೇಡುತ್ತವೆ.

ಬಣ್ಣಕ್ಕೆ ಮುನ್ನ ಚಕ್ರಗಳ ಮೇಲೆ ಸಾಕಷ್ಟು ಹೊತ್ತು ಕಳೆಯುತ್ತೇನೆ. ಓರೆಯಿಂದ ನೋಡಿದಾಗ ಚಕ್ರ ಅಂಡಾಕಾರವಾಗಿರುತ್ತದೆ. ಅದರ ಕಿರಿಯ ಅಕ್ಷ, ಅಂದರೆ ಅಂಡಾಕಾರದ ನಡುವೆ ಅಡ್ಡಗಲಕ್ಕೆ ಎಳೆದ ಗಿಡ್ಡ ಗೆರೆ, ಗಾಲಿಯ ಅಚ್ಚಿನ ದಿಕ್ಕಿನಲ್ಲೇ ಇರಬೇಕು. ಅದು ತುಸು ವಾಲಿದರೂ ಕಾರು ಮುರಿದಂತೆ ಕಾಣುತ್ತದೆ. ಚಕ್ರ ಸರಿಯಿದ್ದರೆ ಉಳಿದೆಡೆ ಕೈಗೆ ಎಷ್ಟು ಸ್ವಾತಂತ್ರ್ಯ ಕೊಟ್ಟರೂ ನಡೆಯುತ್ತದೆ.

ಮೊದಲ ಬಣ್ಣ ಕಾರಿನ ಅಡಿಯ ನೆರಳಿಗೆ. ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಟ್ಯೂಬಿನ ಕಪ್ಪಿಗಿಂತ ಜೀವವಿರುವ ಗಾಢ ಬಣ್ಣ ಸಿಗುತ್ತದೆ. ನೆರಳನ್ನೂ ಟೈರಿನ ಬುಡವನ್ನೂ ಒಂದೇ ಬೀಸಿನಲ್ಲಿ ಸೇರಿಸಿಬಿಡುತ್ತೇನೆ. ಎಲ್ಲಿ ಟೈರು ಮುಗಿಯಿತು, ಎಲ್ಲಿ ನೆರಳು ಶುರುವಾಯಿತು ಎಂಬುದು ನೋಡುವವರಿಗೆ ಬೇಕಿಲ್ಲ. ಕಾರು ನೆಲದ ಮೇಲೆ ಭದ್ರವಾಗಿ ಕೂರುತ್ತದೆ.

ಬಿಳಿ ಕಾರಿಗೆ ಬಿಳಿ ಬಣ್ಣ ಬೇಕಾಗುವುದು ತೀರಾ ಕಡಿಮೆ. ಬಾನೆಟ್ಟು ಆಕಾಶಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ತಿಳಿನೀಲಿ. ಕೆಮ್ಮಣ್ಣಿನ ಮೇಲೆ ನಿಂತಿದ್ದರೆ ಬಾಗಿಲಿನ ಕೆಳಭಾಗದಲ್ಲಿ ಓಕರ್ ಎಂಬ ಮಣ್ಣಿನ ಹಳದಿ ಬೆರೆತ ಬೆಚ್ಚನೆಯ ಬೂದು. ಟೈಟೇನಿಯಂ ವೈಟನ್ನು ಹಾಗೆಯೇ ಇಡುವುದು ಬಿಸಿಲು ನೇರವಾಗಿ ಬಿದ್ದ ಅಂಚಿಗೆ ಮಾತ್ರ. ಕ್ರೋಮ್ ಬಂಪರಿನಲ್ಲಂತೂ ಮೇಲೊಂದು ಆಕಾಶದ ಪಟ್ಟಿ, ನಡುವೆ ಕಡುಗಪ್ಪು ಗೆರೆ, ಕೆಳಗೆ ನೆಲದ ಬಣ್ಣ: ಮೂರೇ ಬೀಸು. ತಿಕ್ಕಿ ಬೆರೆಸಿದರೆ ಲೋಹದ ಮಿರುಗು ಹೋಗಿಬಿಡುತ್ತದೆ.

ಹಂದಿಗೂದಲಿನ ಚಪ್ಪಟೆ ಕುಂಚವನ್ನು ಹಿಡಿಕೆಯ ತುದಿಯಲ್ಲಿ ಹಿಡಿದು, ಭುಜದಿಂದ ಬೀಸುತ್ತೇನೆ. ಬಣ್ಣವನ್ನು ಪ್ಯಾಲೆಟ್ಟಿನಲ್ಲೇ ಹದ ಮಾಡಿ, ಕುಂಚದ ತುಂಬ ಎತ್ತಿಕೊಂಡು, ಒಮ್ಮೆ ಎಳೆದು ಕೈ ತೆಗೆಯಬೇಕು. ಹಸಿ ಎಣ್ಣೆಬಣ್ಣವನ್ನು ಮತ್ತೆ ಮತ್ತೆ ಸವರಿದರೆ ಕೆಳಗಿನ ಬಣ್ಣ ಎದ್ದು ರಾಡಿಯಾಗುತ್ತದೆ. ಇಷ್ಟೆಲ್ಲ ಧೈರ್ಯ ನನಗೆ ಬಂದದ್ದು ಸಣ್ಣ ಕುಂಚಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು ಕೂತ ಮೇಲೆ.

ನಂಬರ್ ಪ್ಲೇಟಿನ ಅಕ್ಷರ ಬರೆಯಿರಿ ಎಂದು ಹಲವರು ಕೇಳುತ್ತಾರೆ. ನಾನು ಬರೆಯುವುದಿಲ್ಲ. ಓದಲು ಬರುವ ಅಕ್ಷರ ಎಲ್ಲಿದ್ದರೂ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ, ಬಾನೆಟ್ಟಿನ ಮೇಲಿನ ಬೆಳಕನ್ನು ಯಾರೂ ನೋಡುವುದಿಲ್ಲ. ಅಲ್ಲಿಗೆ ಒಂದೆರಡು ಕಪ್ಪು ಗುರುತು ಸಾಕು.