ಯಹೂದಿ ಮನೆಯಲ್ಲಿ ನಾಯಿ: ಮೊದಲು ಅದರ ಊಟ

ಇಸ್ರೇಲರು ಈಜಿಪ್ಟ್ ಬಿಟ್ಟ ರಾತ್ರಿ ಒಂದು ನಾಯಿಯೂ ಅವರತ್ತ ನಾಲಿಗೆ ಆಡಿಸಲಿಲ್ಲ ಎನ್ನುತ್ತದೆ ಬೈಬಲಿನ ವಿಮೋಚನಕಾಂಡ (11:7). ತಿನ್ನಬಾರದ ಮಾಂಸವನ್ನು ನಾಯಿಗೆ ಹಾಕಿ ಎನ್ನುತ್ತದೆ ಅದರದೇ 22ನೇ ಅಧ್ಯಾಯ. ಎರಡನ್ನೂ ಜೋಡಿಸಿ ನೋಡಿದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಆ ಮೌನಕ್ಕೆ ಸಂದ ಕೂಲಿಯೇ ಈ ಮಾಂಸ ಎಂದರು. 'ಕೆಲೆವ್' ಎಂಬ ಹೀಬ್ರೂ ಪದದಲ್ಲಿ 'ಲೆವ್', ಅಂದರೆ ಹೃದಯ, ಕಾಣುವವರಿದ್ದಾರೆ, ಅದು ಶಬ್ದಚಮತ್ಕಾರ. ಧರ್ಮನಿಯಮವಾದ ಹಲಾಖಾಗೆ ನಾಯಿಯ ನಿಷ್ಠೆಯ ಹೊಗಳಿಕೆಗಿಂತ ಅದರ ಋಣ ತೀರಿಸುವುದು ಮುಖ್ಯ.

ಹಾಗಾಗಿ ನಾಯಿಗೆ ಹಾಕದೆ ನೀವು ಉಣ್ಣುವಂತಿಲ್ಲ (ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್, ಬೆರಾಖೋತ್ 40ಎ). ರೊಟ್ಟಿಯ ಮೇಲೆ ಆಶೀರ್ವಚನ ಹೇಳಿಯಾದ ಮೇಲೆ ನೆನಪಾಯಿತೇ? ಸಾಮಾನ್ಯವಾಗಿ ತುತ್ತು ಬಾಯಿಗಿಡುವ ಮೊದಲು ಮಾತಾಡಿದರೆ ಆಶೀರ್ವಚನ ಮತ್ತೆ ಹೇಳಬೇಕು. ಆದರೆ "ನಾಯಿಗೆ ಊಟ ಹಾಕಿ" ಎಂದರೆ ಅದು ಅಡ್ಡಮಾತಲ್ಲ, ಊಟಕ್ಕೇ ಸೇರಿದ ಮಾತು.

ಕೋಷರ್ ಅಲ್ಲದ, ಅಂದರೆ ಯಹೂದಿಗಳು ತಿನ್ನಬಾರದ, ಮಾಂಸ ನಾಯಿಗೆ ಆದೀತು. ಎಡವುವುದು ಬೇರೆ ಕಡೆ. ದನ, ಕುರಿ ಅಥವಾ ಆಡಿನ ಮಾಂಸವನ್ನು ಹಾಲಿನೊಂದಿಗೆ ಬೇಯಿಸಿದ್ದರೆ ಅದರಿಂದ ಯಾವ ಪ್ರಯೋಜನವನ್ನೂ ಪಡೆಯಬಾರದು, ಸ್ವಂತ ನಾಯಿಗೆ ಹಾಕುವುದೂ ಪ್ರಯೋಜನವೇ. ನಾಯಿ ಆಹಾರದ ಡಬ್ಬಿಯ ಮೇಲೆ ಗೋಮಾಂಸ, ಹಾಲಿನ ಪುಡಿ ಎರಡೂ ಕಂಡರೆ ವಾಪಸ್ ಇಡಿ. ಕೋಳಿ ಮತ್ತು ಹಾಲಿಗೆ ಈ ತೊಡಕಿಲ್ಲ.

ಈಜಿಪ್ಟ್ ಬಿಟ್ಟದ್ದನ್ನು ನೆನೆಯುವ ಪೆಸಾಖ್ ಹಬ್ಬದಲ್ಲಿ (ಇಸ್ರೇಲಿನಲ್ಲಿ 7 ದಿನ, ಹೊರಗೆ 8) ಗೋಧಿ, ಜವೆ, ಓಟ್ಸ್, ರೈ, ಸ್ಪೆಲ್ಟ್‌ಗಳಿಂದಾದ ಹಮೆತ್ಸ್, ಅಂದರೆ ಹುಳಿ ಬಂದ ಆಹಾರ, ಮನೆಯಲ್ಲೇ ಇರಬಾರದು. "ನಾಯಿಯ ತಿಂಡಿ ತಾನೇ" ಎಂಬ ವಾದ ನಡೆಯದು. ಹಮೆತ್ಸ್ ಕೆಟ್ಟಿತು ಎನ್ನಲು ನಾಯಿಯೂ ಮೂಸದಂತಾಗಬೇಕು ಎಂಬುದೇ ಅಳತೆಗೋಲು! ಅಕ್ಕಿ, ಜೋಳ, ಬಟಾಣಿಯ ಆಹಾರ ಹಾಕಬಹುದು, ಹಬ್ಬದಲ್ಲಿ ಅವನ್ನು ತಾವು ತಿನ್ನದ ಅಶ್ಕೆನಾಜಿಗಳೂ (ಯೂರೋಪ್ ಮೂಲದ ಯಹೂದಿಗಳು) ಸಹ. ಹಬ್ಬದ ಬೆಳಿಗ್ಗೆ ದಿಢೀರನೆ ಬದಲಿಸಿದರೆ ನಾಯಿಗೆ ಭೇದಿಯಾಗುತ್ತದೆ. 7ರಿಂದ 10 ದಿನ ಮೊದಲೇ ಹೊಸದನ್ನು ಹಳೆಯದರೊಂದಿಗೆ ಬೆರೆಸುತ್ತ ಪ್ರಮಾಣ ಹೆಚ್ಚಿಸಿ.

ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಬೀದಿಯಲ್ಲಿ ವಸ್ತು ಹೊತ್ತೊಯ್ಯುವಂತಿಲ್ಲ, ಆದರೆ ನಾಯಿಯನ್ನು ಹಗ್ಗ ಹಿಡಿದು ನಡೆಸಬಹುದು. ಅಳತೆ ಒಂದು ತೆಫಾಖ್, ಅಂದರೆ ಅಂಗೈ ಅಗಲ, 8ರಿಂದ 10 ಸೆಂಟಿಮೀಟರ್. ಹಗ್ಗದ ತುದಿ ಮುಷ್ಟಿಯಿಂದ ಅಷ್ಟು ಹೊರಚಾಚಬಾರದು. ಜೋತ ಹಗ್ಗ ನೆಲಕ್ಕೆ ಅಷ್ಟು ಹತ್ತಿರ ಬರಬಾರದು. ಬಂದರೆ ನಾಯಿಯನ್ನಲ್ಲ, ಹಗ್ಗವನ್ನೇ ಹೊತ್ತೊಯ್ಯುವಂತೆ ಕಾಣುತ್ತದೆ. ಆದ್ದರಿಂದ ಗಿಡ್ಡ ಹಗ್ಗವೇ ವಾಸಿ. ಏರೂವ್ ಗಡಿಯಿಲ್ಲದ (ಅದರೊಳಗೆ ಶಬ್ಬಾತ್‌ನಲ್ಲೂ ಹೊರಬಹುದು) ಬೀದಿಯಲ್ಲಿ, ಸುಸ್ತಾಯಿತೆಂದು ನಾಯಿಯನ್ನು ಎತ್ತಿಕೊಳ್ಳುವಂತಿಲ್ಲ.

ಬೀಜ ಒಡೆಸುವುದಕ್ಕೆ ಯಾಜಕಕಾಂಡ 22:24ರ ಆಧಾರದಲ್ಲಿ ನಿಷೇಧವಿದೆ, ಯಹೂದ್ಯೇತರ ವೈದ್ಯರಿಂದ ಮಾಡಿಸಿದರೂ ಅಷ್ಟೇ. ಈಗಾಗಲೇ ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ತಂದರೆ ಪ್ರಶ್ನೆಯೇ ಏಳದು.

ಕಚ್ಚುವ ನಾಯಿಯ ವಿಷಯದಲ್ಲಿ ಮಾತ್ರ ಪರಂಪರೆ ಕಟುವಾಗಿದೆ. ಸರಪಳಿಯಿಲ್ಲದೆ ನಾಯಿ ಸಾಕಬೇಡಿ ಎನ್ನುತ್ತದೆ ತಾಲ್ಮುದ್‌ನ ಮೂಲಪಠ್ಯವಾದ ಮಿಶ್ನಾ (ಬಾವಾ ಕಾಮಾ 7:7). ಗಡಿ ಊರಿನವರು ರಾತ್ರಿ ಬಿಡಬಹುದು. "ಇದಕ್ಕೆ ಹಲ್ಲೇ ಇಲ್ಲ" ಎಂಬ ಸಮಜಾಯಿಷಿಯೂ ಸಾಲದು. ಅಂಥ ನಾಯಿಯ ಬೊಗಳಿಕೆಗೇ ಬೆದರಿ ಬಸುರಿಯೊಬ್ಬಳ ಗರ್ಭ ಹೋದದ್ದನ್ನು ತಾಲ್ಮುದ್ ಅಲ್ಲೇ ದಾಖಲಿಸಿದೆ.